ಅತ್ತೆ ಯಾವ ಪ್ಲೇಗಿನಲ್ಲಿ ಹುಟ್ಟಿದ್ದು?

"ನಿಮ್ಮತ್ತೆಯೋರು ಯಾವ ಪ್ಲೇಗಲ್ಲಿ ಹುಟ್ಟಿದ್ದು ಅಂತ ಸ್ವಲ್ಪ ವಿಚಾರ್ಸಿ ಹೇಳಿ ಟೀಚರಮ್ಮ."

ಏಜೆಂಟನೊಬ್ಬ ಕೇಳುವ ಪ್ರಶ್ನೆಯೇ ಇದು? ಆದರೆ ಕೇಳಿದ. ದೊಡ್ಡಬಳ್ಳಾಪುರದ ನಮ್ಮ ಮನೆಯ ಜಗಲಿಯ ಮೇಲೆ ಕೂತು, ನಮ್ಮದೇ ಕಾಫಿ ಕುಡಿಯುತ್ತಾ, ಯಾವ ಬಸ್ಸಿಗೆ ಬಂದಿರಿ ಎಂದು ಕೇಳುವಷ್ಟು ಸಲೀಸಾಗಿ ಕೇಳಿದ.

ವಿಷಯ ಹೀಗೆ. ಬೆಂಗಳೂರಿನ ಒಂದು ಖಾಸಗಿ ನರ್ಸಿಂಗ್ ಹೋಂ (ಹೆಸರು ಬೇಡ, ಅವರ ಮೇಲೆ ನನಗೆ ಕೋಪವೇನಿಲ್ಲ, ಯಾಕೆಂದು ಮುಂದೆ ಹೇಳುತ್ತೇನೆ) ಹೊಸದಾಗಿ ಫ್ಯಾಮಿಲಿ ಕಾರ್ಡ್ ಶುರು ಮಾಡಿದೆ, ಏಜೆಂಟ್ ಬಂದದ್ದು ಅದಕ್ಕೆ. ವರ್ಷಕ್ಕೊಮ್ಮೆ ಚಂದಾ ಕಟ್ಟಿದರೆ ಮನೆಮಂದಿಗೆಲ್ಲ ಔಷಧಿ, ಆಪರೇಷನ್ನು, ಫ್ಯಾನಿರುವ ರೂಮು. ಷರತ್ತು ಒಂದೇ. ಸೇರುವಾಗ ವಯಸ್ಸು ಅರವತ್ತು ದಾಟಿರಬಾರದು.

ನಮ್ಮತ್ತೆಗೆ ತಮ್ಮ ವಯಸ್ಸು ಗೊತ್ತಿಲ್ಲ. ಗೊತ್ತಿರುವುದು ಪ್ಲೇಗಿನಲ್ಲಿ ಹುಟ್ಟಿದ್ದು ಅಂತ ಮಾತ್ರ. ಜನ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ಹುಟ್ಟಿದ ಕೂಸು. ರಾಜಘಟ್ಟದ ಕಡೆಯ ಅವರ ತವರಿನಲ್ಲಿ ಈಗಲೂ ಪ್ಲೇಗಿನ ಪುಟ್ಟಮ್ಮ ಎಂದರೇ ಗುರುತು. ಆದರೆ ಪ್ಲೇಗು ನಮ್ಮ ಸೀಮೆಗೆ ಒಂದೇ ಸಲ ಬಂದು ಹೋದ ನೆಂಟನಲ್ಲವಲ್ಲ! ದೊಡ್ಡ ಪ್ಲೇಗು ಬಂತು, ಅದಾಗಿ ಎಷ್ಟೋ ವರ್ಷಕ್ಕೆ ಸಣ್ಣ ಪ್ಲೇಗು ಬಂತು. ದೊಡ್ಡ ಪ್ಲೇಗಿನಲ್ಲಿ ಹುಟ್ಟಿದ್ದರೆ ಎಪ್ಪತ್ತು ದಾಟಿದೆ, ಕಾರ್ಡು ಇಲ್ಲ. ಸಣ್ಣದರಲ್ಲಿ ಹುಟ್ಟಿದ್ದರೆ ಐವತ್ತೈದು, ಕಾರ್ಡು ಉಂಟು.

"ಸಣ್ಣ ಪ್ಲೇಗೇ ಇರ್ಬೇಕು ಬಿಡಿ" ಎಂದು ಏಜೆಂಟ್ ತಾನೇ ತೀರ್ಮಾನಿಸಿ ಐವತ್ತೈದು ಎಂದು ಬರೆದುಕೊಂಡ. ನಮ್ಮ ಯಜಮಾನರು ತುಟಿ ಬಿಚ್ಚಲಿಲ್ಲ. ಯಜಮಾನರಿಗೆ ಈಗ ನಲವತ್ತೈದು. ಅವರಿಗಿಂತ ದೊಡ್ಡ ಅಕ್ಕ ಒಬ್ಬರಿದ್ದಾರೆ. ಲೆಕ್ಕ ನೀವೇ ಮಾಡಿಕೊಳ್ಳಿ.

ಇಷ್ಟೆಲ್ಲ ಯಾಕೆ ಬೇಕಿತ್ತು ಅಂತೀರಾ? ಅತ್ತೆಯ ಕಣ್ಣಿಗೋಸ್ಕರ.

ಅತ್ತೆಗೆ ಎರಡು ಹಸುಗಳಿವೆ. ನಮಗೆ ಎರಡು ಹಸುಗಳಿವೆ ಎಂದು ನಾನು ಬರೆದರೆ ಈ ಮನೆಯಲ್ಲಿ ನನಗೆ ಊಟ ಹುಟ್ಟುವುದಿಲ್ಲ. ಹಸು ಅವರದು, ಹಾಲು ಅವರದು, ಬೀದಿಯಲ್ಲಿ ದಿನಾ ಹಾಲು ಕೊಳ್ಳುವ ವರ್ತನೆ ಮನೆಗಳೂ ಅವರವು. ಮಾವ ತೀರಿಕೊಂಡ ಮೇಲೆ ಹಾಲು ಹಾಕಿಯೇ ಮಗನನ್ನು ಓದಿಸಿದವರು. ಯಾರ ಹಂಗಿನಲ್ಲೂ ಇಲ್ಲ ನಾನು ಎನ್ನುವುದು ಅವರ ಬಾಯಿಪಾಠ. ಬೆಳಗಿನ ಸುಪ್ರಭಾತಕ್ಕಿಂತ ಮೊದಲು ನಮಗೆ ಕೇಳಿಸುವುದು ಅದೇ.

ಹೋದ ವರ್ಷದಿಂದ ಎರಡೂ ಕಣ್ಣಿಗೆ ಪೊರೆ. ಕೇಳಿದರೆ ಏನಿಲ್ಲ, ಸ್ವಲ್ಪ ಮಂಜು ಅಷ್ಟೆ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ನಾನು ಕೊಟ್ಟಿಗೆಗೆ ಹೋದಾಗ ಅತ್ತೆ ಹಾಲು ಕರೆಯುತ್ತಾ ಕೂತಿದ್ದರು. ಚೊಂಬು ಗೇಣುದ್ದ ಆಚೆಗಿತ್ತು. ಹಾಲೆಲ್ಲ ನೆಲಕ್ಕೆ ಬೀಳುತ್ತಿತ್ತು. ಪಾಪ, ಹಸು ಸುಮ್ಮನೆ ನಿಂತಿತ್ತು. ನಾನು ಮೆಲ್ಲಗೆ ಚೊಂಬು ಸರಿಸಿದೆ. ಚೊಂಬಿನೊಳಗೆ ಹಾಲು ಬಿದ್ದ ಸದ್ದು ಕೇಳಿದಾಗ ಅತ್ತೆಗೆ ಎಲ್ಲ ತಿಳಿಯಿತು. ಚೊಂಬನ್ನು ನನ್ನ ಕೈಗಿಟ್ಟು ಎದ್ದು ಹೋದರು. ಅವತ್ತಿನಿಂದ ಹಾಲು ಕರೆಯುವುದು ನಾನು. ಹಸುವಿಗೆ ನನ್ನ ಕೈ ಹಿಡಿಸಿಲ್ಲ, ನನಗೆ ಅದರ ಕಾಲು ಹಿಡಿಸಿಲ್ಲ.

ಆಪರೇಷನ್ ಆಗಲೇಬೇಕಿತ್ತು. ಎಲ್ಲಿ ಎನ್ನುವುದೇ ಜಗಳ.

ನಮ್ಮ ಯಜಮಾನರು ದಿನಾ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿನ ಫ್ಯಾಕ್ಟರಿಗೆ ಹೋಗುವವರು. ಸಂಬಳದಲ್ಲಿ ಸರ್ಕಾರದ ವಿಮೆಗೆಂದು ತಿಂಗಳು ತಿಂಗಳು ಕಟ್ ಆಗುತ್ತದೆ. ಈಗ ಮನೆಯವರಿಗೂ ದೊಡ್ಡಾಸ್ಪತ್ರೆಯ ಚಿಕಿತ್ಸೆ ಉಂಟು, ಅಪ್ಪ ಅಮ್ಮನಿಗೂ ಉಂಟು. ಕಟ್ ಆಗುವುದು ಆಗುತ್ತಲೇ ಇದೆ, ಅಲ್ಲಿಗೇ ಹೋಗೋಣ ಎಂದೆ ನಾನು. ಅವರು ಸುತರಾಂ ಒಪ್ಪಲಿಲ್ಲ. ವಿಮಾ ಡಿಸ್ಪೆನ್ಸರಿಯಲ್ಲಿ ಬೆಂಚಿಲ್ಲ. ಮಿಕ್ಸ್ಚರಿಗೆ ಮನೆಯಿಂದಲೇ ಬಾಟಲಿ ತೆಗೆದುಕೊಂಡು ಹೋಗಬೇಕು. ಜ್ವರಕ್ಕೂ ಕೆಂಪು ಮಿಕ್ಸ್ಚರು, ಹೊಟ್ಟೆನೋವಿಗೂ ಕೆಂಪು ಮಿಕ್ಸ್ಚರು. (ಎರಡೂ ವಾಸಿಯಾದವು ಎನ್ನುವುದನ್ನು ಅವರು ಹೇಳುವುದಿಲ್ಲ.) ನಮ್ಮನ್ನು ಸಾಕಿದ ತಾಯಿಯನ್ನು ಆ ಕ್ಯೂನಲ್ಲಿ ನಿಲ್ಲಿಸಿದರೆ ನಾನೆಂಥಾ ಮಗ ಎಂದರು.

ಪ್ರೀತಿಯ ಮಾತಿಗೆ ಉತ್ತರ ಕೊಡುವುದು ಕಷ್ಟ. ಆದರೆ ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಗಾದೆ ಎಂದು ಮಾತ್ರ ಹೇಳಿದೆ.

ಅತ್ತೆಯದು ಮೂರನೇ ಪಕ್ಷ. ಅವರಿಗೆ ಎರಡೂ ಬೇಡ. "ಬರ್ದೆ ಇರೋ ಕಾಯ್ಲೆಗೆ ಮುಂಗಡ ಕಟ್ತೀರಾ? ಎಲೆ ಅಡಿಕೆ ಕೊಟ್ಟು ಕರದ್ರೆ ಬರ್ದೆ ಇರ್ತದಾ ಅದು?" ಎಂದರು. ಎಲೆ ಅಡಿಕೆ ಕೊಟ್ಟು ಕರೆದ ಮೇಲೆ ನೆಂಟರು ಬರಲೇಬೇಕು, ಬಾರದಿದ್ದರೆ ಮನಸ್ತಾಪ. ಕಾಯಿಲೆಗೂ ಅದೇ ಮರ್ಯಾದೆ ಅಂತ ಅವರ ಲೆಕ್ಕ. ಇನ್ಶೂರೆನ್ಸಿನ ವಿರುದ್ಧ ಇದಕ್ಕಿಂತ ಗಟ್ಟಿಯಾದ ವಾದವನ್ನು ನಾನಂತೂ ಕೇಳಿಲ್ಲ.

ಕೊನೆಗೆ ಮಗನೇ ಗೆದ್ದ. ಕಾರ್ಡು ಕೊಡುವ ಮುಂಚೆ ಡಾಕ್ಟರು ಒಮ್ಮೆ ನೋಡಬೇಕಂತೆ. ಸರಿ, ಅತ್ತೆಗೆ ಇಳಕಲ್ ಸೀರೆ ಉಡಿಸಿಕೊಂಡು ರೈಲು ಹತ್ತಿದೆವು.

ನರ್ಸಿಂಗ್ ಹೋಂ ನಿಜಕ್ಕೂ ಚೆನ್ನಾಗಿತ್ತು. ಇಲ್ಲದ್ದು ಹೇಳಬಾರದು. ನೆಲದಲ್ಲಿ ಮುಖ ಕಾಣುತ್ತಿತ್ತು. ಕುರ್ಚಿಗೆ ಮೆತ್ತೆ. ನರ್ಸು ಅತ್ತೆಯನ್ನು ಅಮ್ಮಾ ಎಂದು ಕರೆದು ಕೈಹಿಡಿದು ಒಳಗೆ ಕೂರಿಸಿದಳು. ಯಜಮಾನರು ನನ್ನ ಕಡೆ ನೋಡಿದ ನೋಟ ಇತ್ತಲ್ಲ, ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದವರು ಹಾಗೆ ನೋಡುತ್ತಾರೆ.

ಡಾಕ್ಟರು ವಯಸ್ಸಾದವರು, ಸೌಮ್ಯ. ಕಾಗದ ನೋಡಿ, ಐವತ್ತೈದಾ ಅಮ್ಮಾ ನಿಮಗೆ ಎಂದು ಕೇಳಿದರು. ಅತ್ತೆಗೆ ಅರ್ಥವಾಗಲಿಲ್ಲ. ಯಜಮಾನರು ಕಿವಿಯ ಹತ್ತಿರ ಬಗ್ಗಿ, ಸಣ್ಣ ಪ್ಲೇಗು ಅನ್ನಮ್ಮ ಎಂದು ಪಿಸುಗುಟ್ಟಿದರು. ಪಿಸುಮಾತು ಕಾಂಪೌಂಡರಿಗೂ ಕೇಳಿಸಿತು.

ಅತ್ತೆ ನೆಟ್ಟಗೆ ಕೂತರು. ದನಿ ಎತ್ತಲಿಲ್ಲ. "ದೊಡ್ ಪ್ಲೇಗು ಸ್ವಾಮಿ. ಗುಡ್ಲಲ್ಲಿ ನಮ್ಮಣ್ಣ ಹೋದ ವಾರಕ್ಕೆ ನಾನು ಹುಟ್ಟಿದ್ದು. ಅವನು ಹೋದ, ನೀನು ಬಂದೆ ಅಂತ ನಮ್ಮವ್ವ ಸಾಯೋಗಂಟ ಅಂತಿದ್ಲು. ಇನ್ನೊಂದ್ ಪ್ಲೇಗಲ್ಲಿ ಹುಟ್ಟೋಕೆ ನನ್ ಕೈಲಾಗಲ್ಲ."

ಯಜಮಾನರು ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು.

ಡಾಕ್ಟರು ಆ ಕಾಗದವನ್ನು ಮಡಚಿ ಪಕ್ಕಕ್ಕಿಟ್ಟರು. ಕಾರ್ಡು ಆಗುವುದಿಲ್ಲ ಎಂದು ಎಲ್ಲರಿಗೂ ತಿಳಿಯಿತು. ಆದರೆ ಎದ್ದು ಹೋಗಿ ಎನ್ನಲಿಲ್ಲ ಆ ಪುಣ್ಯಾತ್ಮ. ಟಾರ್ಚು ತೆಗೆದುಕೊಂಡು ಎರಡೂ ಕಣ್ಣನ್ನು ನಿಧಾನವಾಗಿ ನೋಡಿದರು. ಬಲಗಣ್ಣಿನ ಪೊರೆ ಪೂರ್ತಿ ಬಲಿತಿದೆ, ಇನ್ನು ಬಿಟ್ಟರೆ ಕಣ್ಣೇ ಹೋಗಬಹುದು, ಮೀನಮೇಷ ಎಣಿಸಬೇಡಿ ಎಂದರು. ಆಮೇಲೆ ಯಜಮಾನರನ್ನು ಕೇಳಿದರು, ಫ್ಯಾಕ್ಟರಿಯಲ್ಲಿ ನಿಮಗೆ ಸರ್ಕಾರದ ವಿಮೆ ಇಲ್ಲವೇ ಎಂದು. ಇದೆ ಎಂದರು ಇವರು, ಕಳ್ಳತನ ಒಪ್ಪಿಕೊಳ್ಳುವವರ ಹಾಗೆ. ಅಲ್ಲಿ ವಯಸ್ಸು ಕೇಳುವುದಿಲ್ಲ, ನಾಳೆಯೇ ಹೋಗಿ, ಅಲ್ಲಿ ಕಣ್ಣಿನ ಆಪರೇಷನ್ ಮಾಡುವವರು ನನ್ನ ಜೊತೆ ಓದಿದವರು, ನನಗಿಂತ ಅವರ ಕೈ ಚೆನ್ನಾಗಿದೆ ಎಂದರು. ಫೀಸು ಮುಟ್ಟಲಿಲ್ಲ. ಈಗ ಹೇಳಿ, ಇವರ ಮೇಲೆ ನಾನು ಕೋಪ ಮಾಡಿಕೊಳ್ಳಲಾದೀತೇ?

ಮಾರನೆಯ ದಿನ ವಿಮಾ ಡಿಸ್ಪೆನ್ಸರಿ, ದೊಡ್ಡಾಸ್ಪತ್ರೆಗೆ ಚೀಟಿ ಕೊಡುವುದು ಅಲ್ಲೇ. ಕ್ಯೂ ಇತ್ತು, ಬೆಂಚು ಇರಲಿಲ್ಲ. ಅಷ್ಟು ಯಜಮಾನರು ಹೇಳಿದ್ದು ಸರಿಯೇ. ಆದರೆ ಅತ್ತೆಯನ್ನು ನೋಡಿ ಮುಂದಿದ್ದವರೊಬ್ಬರು ಜಾಗ ಬಿಟ್ಟರು, ಅವರ ಮುಂದಿನವರೂ ಬಿಟ್ಟರು, ಗುಮಾಸ್ತರ ಮೇಜಿನವರೆಗೂ ಹಾಗೇ ಹೋದೆವು. ಅತ್ತೆಯ ಹೆಸರನ್ನು ಯಜಮಾನರು ಇಷ್ಟು ವರ್ಷ ವಿಮೆಯ ಕಾಗದಕ್ಕೆ ಸೇರಿಸಿಯೇ ಇರಲಿಲ್ಲ. ಸೇರಿಸಬೇಕಿತ್ತು.

ವಯಸ್ಸನ್ನು ಗುಮಾಸ್ತರು ನಿಜಕ್ಕೂ ಕೇಳಲಿಲ್ಲ. ಬೇರೊಂದು ಕೇಳಿದರು. ಈ ತಾಯಿ ಮಗನ ಮೇಲೆ ಅವಲಂಬಿತರೋ?

ಅತ್ತೆ ನನ್ನ ಕಡೆ ತಿರುಗಿ, ಹಂಗಂದ್ರೇನೇ ಸರೋಜ ಎಂದರು. ನಾನು ಟೀಚರಮ್ಮ. ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿಬಿಟ್ಟೆ. ಮಗ ಹಾಕಿದ ಅನ್ನದಲ್ಲಿ ನೀವು ಇರುವುದಾ ಅಂತ ಕೇಳುತ್ತಿದ್ದಾರೆ ಅತ್ತೆ ಎಂದೆ.

ಆಯಿತು ಕಥೆ.

ನಾನ್ಯಾಕೆ ಅವನ ಅನ್ನದಲ್ಲಿರಲಿ ಎಂದರು ಅತ್ತೆ. ಎರಡು ಹಸು ಇದೆ, ಹಾಲು ಹಾಕುತ್ತೇನೆ, ಇವನು ಓದಿದ್ದು ನನ್ನ ಹಾಲಿನಲ್ಲಿ, ಇವಳು ಕಾಫಿ ಕುಡಿಯುವುದು ನನ್ನ ಹಾಲಿನಲ್ಲಿ, ಯಾರ ಹಂಗಿನಲ್ಲೂ ಇಲ್ಲ ನಾನು. ಗುಮಾಸ್ತರು ಪೆನ್ನು ಕೆಳಗಿಟ್ಟರು. ಸ್ವಂತ ಸಂಪಾದನೆ ಇದ್ದರೆ ಸೇರಿಸಲಾಗುವುದಿಲ್ಲ ಎಂದು ಬೇಸರದಿಂದಲೇ ಹೇಳಿದರು. ನಿನ್ನೆ ನಿಜ ಹೇಳಿದ್ದಕ್ಕೆ ಒಂದು ಬಾಗಿಲು ಮುಚ್ಚಿತು, ಇವತ್ತು ಇನ್ನೊಂದು. ಮೂರನೇ ಬಾಗಿಲು ನಮಗೆ ಇರಲಿಲ್ಲ.

ಹಾಲು ಕರೆಯುವವಳು ನಾನು, ಹಿಂಡಿ ಬೂಸ ತರುವವರು ಇವರು ಎಂದು ನಾನು ಹೇಳಬಹುದಿತ್ತು. ಆದರೆ ಅತ್ತೆ ಚೊಂಬನ್ನು ನನ್ನ ಕೈಗಿಟ್ಟ ಆ ಬೆಳಿಗ್ಗೆ ನೆನಪಾಯಿತು. ಅಷ್ಟು ಜನರ ಮುಂದೆ ಅದನ್ನು ಹೇಗೆ ಹೇಳುವುದು?

ಯಜಮಾನರು ತಾಯಿಯ ಭುಜದ ಮೇಲೆ ಕೈಯಿಟ್ಟರು. ಅವರು ಹಾಗೆಲ್ಲ ಮುಟ್ಟಿ ಮಾತಾಡಿಸುವ ಪೈಕಿಯಲ್ಲ. "ಅಮ್ಮ, ಚಿಕ್ಕಂದಿಂದ ನಿನ್ ಮೇಲೇ ಭಾರ ಹಾಕಿದ್ದೀನಿ. ನೀನೂ ಒಂದ್ಸಲ ನನ್ ಮೇಲೆ ಹಾಕಮ್ಮ" ಎಂದರು.

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಗುಮಾಸ್ತರು ಕೂತಿದ್ದ ಕಡೆಗೆ ಅಂದಾಜಿನಿಂದ ಮುಖ ತಿರುಗಿಸಿದರು.

"ಈಗ ನಾನು ಕರಿಯಲ್ಲಪ್ಪ. ಕಾಣಲ್ಲ. ಈ ಹುಡ್ಗಿನೇ ಕರಿಯೋದು, ಇವನೇ ಮೇವು ತರೋದು. ಬರ್ಕೊ. ಕಣ್ಣು ಬರೋಗಂಟ ಮಾತ್ರ."

ಗುಮಾಸ್ತರು ಬರೆದುಕೊಂಡರು. ಕಣ್ಣು ಬರುವತನಕ ಎನ್ನುವುದನ್ನು ಬರೆಯಲು ಅಲ್ಲಿ ಜಾಗ ಇತ್ತೋ ಇಲ್ಲವೋ ನನಗೆ ತಿಳಿಯದು. ನಾನು ಆಗ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಳ್ಳುತ್ತಿದ್ದೆ.

ದೊಡ್ಡಾಸ್ಪತ್ರೆಯ ವಿಷಯ ಏನು ಬರೆಯಲಿ. ತಟ್ಟೆ ಲೋಟ ನಾವೇ ಒಯ್ಯಬೇಕು. ಫ್ಯಾನು ತಿರುಗುತ್ತದೆ, ಗಾಳಿ ಬೇರೆಯವರಿಗೆ ಬರುತ್ತದೆ. ಆಪರೇಷನ್ ಆದ ಮೇಲೆ ತಲೆಯ ಎರಡೂ ಪಕ್ಕಕ್ಕೆ ಮರಳಿನ ಚೀಲ ಇಟ್ಟು, ಕಣ್ಣಿಗೆ ಪಟ್ಟಿ ಕಟ್ಟಿ, ಅಲ್ಲಾಡಬಾರದು ಎಂದರು. ಅಲ್ಲಾಡಬಾರದು ಎಂದರು, ಮಾತಾಡಬಾರದು ಎನ್ನಲಿಲ್ಲ. ಅತ್ತೆ ಮಲಗಿದಲ್ಲಿಂದಲೇ ವಾರ್ಡಿನ ಹೆಂಗಸರ ಊರು, ತವರು, ಯಾರ ಮಗಳು ಎಂಬುದನ್ನೆಲ್ಲ ವಿಚಾರಿಸಿದರು. ಎದುರು ಹಾಸಿಗೆಯ ಆವತಿ ಊರಿನ ಮುದುಕಿ ದೂರದ ನೆಂಟಳು ಎಂದು ಕಂಡುಹಿಡಿದು, ಹಳೆಯ ಮದುವೆಯೊಂದರ ಜಗಳವನ್ನು ಅಲ್ಲೇ ಬಗೆಹರಿಸಿಕೊಂಡರು. ಫ್ಯಾನಿರುವ ಒಂಟಿ ರೂಮಿನಲ್ಲಿ ಯಾರ ಜೊತೆ ಮಾತಾಡುತ್ತಿದ್ದರು ಹೇಳಿ? ಯಜಮಾನರು ಸಂಜೆ ಫ್ಯಾಕ್ಟರಿ ಬಿಟ್ಟವರು ನೇರ ಬಂದು, ಬಾಗಿಲಲ್ಲಿ ನಿಂತು ಈ ದರ್ಬಾರನ್ನು ನೋಡಿ ನಗುತ್ತಿದ್ದರು.

ಎಲ್ಲರೂ ಸರ್ಕಾರಿಯೇ ಮೇಲು ಎಂದು ಹೊರಡಿ ಅಂತ ನಾನು ಹೇಳುತ್ತಿಲ್ಲ. ನನಗೆ ಸಿಕ್ಕ ಗುಮಾಸ್ತರು ಎಲ್ಲರಿಗೂ ಸಿಗುವುದಿಲ್ಲ. ನನಗೆ ಸಿಕ್ಕ ಖಾಸಗಿ ಡಾಕ್ಟರಂತೂ ಇನ್ನೂ ಅಪರೂಪ. ಆದರೆ ಒಂದು ಯೋಚಿಸಿ. ವಯಸ್ಸಾದವರನ್ನು ವಯಸ್ಸಾಯಿತೆಂದೇ ಹೊರಗಿಡುವ ವಿಮೆ, ಮಳೆ ಬಂದಾಗ ಮಡಚಿಡುವ ಕೊಡೆ ಅಲ್ಲವೇ? ಅವರು ಲೆಕ್ಕ ಹಾಕಿ ನಡೆಸುವವರು, ಅವರ ಕಷ್ಟ ಅವರಿಗೆ, ಒಪ್ಪಿದೆ. ಆದರೆ ದೊಡ್ಡ ಪ್ಲೇಗಿನವರಿಗೂ ಒಂದು ಹಾಸಿಗೆ ಎಲ್ಲಾದರೂ ಇರಬೇಕಲ್ಲ. ಇತ್ತು. ಅದಕ್ಕೆ ಕೈಮುಗಿಯುತ್ತೇನೆ. ಮುಖವೇ ತಿಳಿಯದ ಎಷ್ಟೋ ಜನರ ಸಂಬಳದಲ್ಲಿ ಕಟ್ ಆದದ್ದು ನಮ್ಮತ್ತೆಯ ಕಣ್ಣಾಯಿತು. ಅವರಿಗೂ ಕೈಮುಗಿಯುತ್ತೇನೆ.

ಮೊನ್ನೆ ದಪ್ಪ ಗಾಜಿನ ಕನ್ನಡಕ ಬಂತು. ಹಾಕಿಕೊಂಡವರೇ ಅತ್ತೆ ಮೊದಲು ನನ್ನ ಮುಖ ನೋಡಿದರು. ಬಡವಾಗಿದ್ದೀಯ ಕಣೆ ಎಂದರು. ಆಮೇಲೆ ಚೊಂಬು ಹಿಡಿದು ಕೊಟ್ಟಿಗೆಗೆ ಹೋದರು. ನಾವಿಬ್ಬರೂ ಹೊರಗೆ ಕಿವಿಗೊಟ್ಟು ನಿಂತೆವು. ಹಾಲು ಚೊಂಬಿಗೇ ಬೀಳುವ ಸದ್ದು ಕೇಳಿಸಿತು.

ಹೊರಗೆ ಬಂದವರು ಮಗನಿಗೆ ಹೇಳಿದ ಮೊದಲ ಮಾತು, ನಾಳೆ ಹೋಗಿ ಆ ಕಾಗದದಿಂದ ನನ್ನ ಹೆಸರು ತೆಗೆಸು ಎಂದು. ಕಣ್ಣು ಬರುವತನಕ ಎಂದು ಹೇಳಿದ್ದೆ, ಕಣ್ಣು ಬಂತು, ಮಾತು ಮಾತೇ. ಯಜಮಾನರು ಗಾಬರಿಯಾಗಿ, ಎಡಗಣ್ಣು ಇನ್ನೂ ಇದೆಯಲ್ಲಮ್ಮ, ಅದಕ್ಕೂ ಆಪರೇಷನ್ ಬೇಕಲ್ಲ ಎಂದರು. ಅತ್ತೆ ಬಹಳ ಯೋಚಿಸಿದರು. ಹಾಗಾದರೆ ಅದು ಆಗುವವರೆಗೆ ನಿನ್ನ ಹಂಗಿನಲ್ಲಿರುತ್ತೇನೆ, ಹೋಗಲಿ ಎಂದು ಮಗನ ಮೇಲೆ ದಯೆ ತೋರಿದರು.

ಇದನ್ನು ಬರೆಯುತ್ತಿರುವಾಗ ನಮ್ಮ ಅವಲಂಬಿತರು ತಾವೇ ಕರೆದ ಹಾಲಿನಲ್ಲಿ ನನಗೆ ಕಾಫಿ ಮಾಡಿ ತಂದಿಟ್ಟು ಹೋದರು. ಗುಮಾಸ್ತರೇ, ಈ ಮನೆಯಲ್ಲಿ ಯಾರ ಹೆಸರಿನ ಮುಂದೆ ಏನು ಬರೆದುಕೊಳ್ಳುತ್ತೀರಿ?