ನರ್ಸ್ ಫುವಾತಿನೋ ತನ್ನ ದನಿ ಕೇಳಿದ್ದು

ಸವಾಯಿ ದ್ವೀಪದ ಪಡುಗಡೆಯ ನಮ್ಮ ಊರಿನಲ್ಲಿ ಆ ಕಾಲಕ್ಕೆ ಜನ ಪಾದ್ರಿಗಿಂತ ಹೆಚ್ಚು ಹೆದರುತ್ತಿದ್ದುದು ನರ್ಸ್ ಫುವಾತಿನೋಗೆ. ಆಕೆ ನನ್ನ ಗಂಡನ ಅಕ್ಕ. ಗರಿಗರಿ ಬಿಳಿ ಸಮವಸ್ತ್ರ ತೊಟ್ಟು ಆಸ್ಪತ್ರೆಯತ್ತ ಹೊರಟಳೆಂದರೆ ದಾರಿಯುದ್ದಕ್ಕೂ ತಾಯಂದಿರು ಮಕ್ಕಳ ಮೂಗು ಒರೆಸುತ್ತಿದ್ದರು. ಗುಳಿಗೆಯ ಜೊತೆಗೆ ಒಂದಿಷ್ಟು ಬೈಗುಳ ಸಿಕ್ಕೇ ಸಿಗುತ್ತಿತ್ತು. ಆದರೆ ಬಿರುಗಾಳಿಯಲ್ಲಿ ಹೆರಿಗೆಗೆ ಕರೆದರೂ ಚಪ್ಪಲಿ ಕೈಯಲ್ಲಿ ಹಿಡಿದು ಓಡುತ್ತಿದ್ದವಳು ಅವಳೇ. ಹಾಗಾಗಿ ಬೈಸಿಕೊಂಡವರೇ ಭಾನುವಾರ ಅವಳಿಗೆಂದು ತೆಂಗಿನಹಾಲಿನಲ್ಲಿ ಬೆಂದ ಕೆಸುವಿನೆಲೆ ಕಳಿಸುತ್ತಿದ್ದರು.

ಒಂದು ವರ್ಷ ತೆಲೇಸಿಯಾ ಎಂಬ ಹೆಣ್ಣುಮಗಳು ಟೇಪ್ ರೆಕಾರ್ಡರ್ ಹಿಡಿದು ಬಂದಳು. ನಮ್ಮವಳೇ, ನ್ಯೂಜಿಲೆಂಡಿನಲ್ಲಿ ಓದಿದವಳು. ನರ್ಸುಗಳೂ ರೋಗಿಗಳೂ ಹೇಗೆ ಮಾತಾಡಿಕೊಳ್ಳುತ್ತಾರೆ ಎಂಬುದೇ ಅವಳ ಸಂಶೋಧನೆ. ಮಾತಿನಲ್ಲಿ ಸಂಶೋಧನೆ ಮಾಡುವುದೇನಿದೆ ಎಂದು ನಾವು ನಕ್ಕೆವು. ಅತ್ತಿಗೆ ಮಾತ್ರ ಹಿಗ್ಗಿ ಒಪ್ಪಿಕೊಂಡಳು. ತನ್ನ ಮಾತು ಕೇಳಿ ಬೇರೆ ನರ್ಸುಗಳು ಕಲಿಯಲಿ ಎಂದು ಅವಳ ಆಸೆ. ರೋಗಿಗಳೂ ಒಪ್ಪಿದರು.

ಕೆಲವು ತಿಂಗಳ ನಂತರ ತೆಲೇಸಿಯಾ ಒಂದು ಕ್ಯಾಸೆಟ್ ತಂದಳು. ಅದು ಯೆರೆಮಿಯಾ ಎಂಬ ಮುದುಕ ಬೆಸ್ತನದು. ಸಕ್ಕರೆ ಕಾಯಿಲೆಯವನು, ಅಷ್ಟರಲ್ಲಿ ಆಚೆ ದ್ವೀಪದ ರಾಜಧಾನಿ ಅಪಿಯಾದ ದೊಡ್ಡಾಸ್ಪತ್ರೆಯಲ್ಲಿ ಅವನ ಕಾಲಿನ ಹೆಬ್ಬೆರಳು ಕತ್ತರಿಸಿ ಆಗಿತ್ತು. ಇದನ್ನು ನರ್ಸಮ್ಮನಿಗೆ ಕೇಳಿಸಲಾ ಎಂದು ತೆಲೇಸಿಯಾ ಅವನ ಅಪ್ಪಣೆ ಪಡೆಯಲು ಹೋದರೆ, ನನ್ನ ಬೆರಳಿನ ಕಥೆ ಊರಿಗೆಲ್ಲ ಗೊತ್ತಲ್ಲಮ್ಮ ಎಂದನಂತೆ.

ನಾನು ಅಲ್ಲೇ ಕೆಸುವಿನ ಗೆಡ್ಡೆ ಹೆರೆಯುತ್ತಾ ಕೂತಿದ್ದೆ. ಟೇಪಿನ ತುಂಬ ಅತ್ತಿಗೆಯದೇ ದನಿ. ಗುಳಿಗೆ ನುಂಗಿದೆಯಾ ಎಂದು ಕೇಳಿ, ನುಂಗಿರಲ್ಲ ಎಂದು ತಾನೇ ಉತ್ತರಿಸುತ್ತಾಳೆ. ಯೆರೆಮಿಯಾ ಎಲ್ಲದಕ್ಕೂ ಹೂಂ, ಹೂಂ ಅನ್ನುತ್ತಾನೆ. ನಡುವೆ ಒಮ್ಮೆ, "ನರ್ಸಮ್ಮ, ಮೊನ್ನೆ ಸಮುದ್ರಕ್ಕಿಳಿದಾಗ..." ಎಂದು ಶುರು ಮಾಡಿದ.

"ಸಮುದ್ರದ ಕಥೆ ಆಮೇಲೆ. ಮೊದ್ಲು ತೋಳು ಕೊಡು."

ಅತ್ತಿಗೆ ಆ ಭಾಗವನ್ನು ಮತ್ತೆ ಹಾಕಿಸಿಕೊಂಡಳು. ಮುಖ ಬಿಳಿಚಿಕೊಂಡಿತ್ತು. ತನ್ನ ಬಳಿ ಇರುವ ಟೇಪುಗಳೆಲ್ಲ ಹೆಚ್ಚುಕಡಿಮೆ ಹೀಗೇ ಇವೆ, ಯಾರ ಹೆಸರನ್ನೂ ಬರೆಯುವುದಿಲ್ಲ ಎಂದು ತೆಲೇಸಿಯಾ ಸಮಾಧಾನ ಹೇಳಿದಳು.

"ಹೆಸರು ಬರೀತೀಯೋ ಬಿಡ್ತೀಯೋ, ಅದಲ್ಲ ಮಗಳೇ," ಎಂದಳು ಅತ್ತಿಗೆ. "ಅವನು ಏನು ಹೇಳೋಕೆ ಹೊರಟಿದ್ದ?"

ತೆಲೇಸಿಯಾ ಟೇಪನ್ನು ಕೊನೆಯತನಕ ಓಡಿಸಿದಳು. ಅವನು ಮತ್ತೆ ಆ ಮಾತೆತ್ತಿರಲೇ ಇಲ್ಲ.

ಮರುದಿನ ಅತ್ತಿಗೆ ಮನೆಯ ಬಟ್ಟೆಯಲ್ಲೇ ಯೆರೆಮಿಯಾನ ಮನೆಗೆ ಹೋದಳು. ನನ್ನನ್ನೂ ಕರೆದುಕೊಂಡು ಹೋದಳು. ಒಬ್ಬಳೇ ಹೋಗಲು ಅಂಜಿಕೆ ಇತ್ತೆಂದು ಈಗ ಅನಿಸುತ್ತದೆ. ಚಾಪೆಯ ಮೇಲೆ ಅವನೆದುರು ಕೂತು, ಅವತ್ತು ಸಮುದ್ರದ ಮಾತು ಏನಿತ್ತು ಎಂದು ಕೇಳಿದಳು. ಅವನು ನೆನಪಿಸಿಕೊಂಡು ಹೇಳಿದ. ಹವಳದ ದಿಬ್ಬದ ಮೇಲೆ ಆಕ್ಟೋಪಸ್ ಹುಡುಕುತ್ತಾ ನಡೆದಿದ್ದನಂತೆ. ನೀರು ಕೆಂಪಾದದ್ದು ಕಂಡಿತಂತೆ, ಕಾಲು ಕೊಯ್ದಿದೆಯೆಂದು ಆಮೇಲೆ ತಿಳಿಯಿತಂತೆ. ನೋವೇ ಇರಲಿಲ್ಲ. ನೋವಾಗದಿರುವುದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಬೇಕೆಂದಿದ್ದ. ಆ ಗಾಯವೇ ಆಮೇಲೆ ಕೊಳೆತದ್ದು.

"ಮತ್ತೆ ಯಾಕೆ ಕೇಳ್ಲಿಲ್ಲ ಅಣ್ಣ?"

"ನೀನು ಕೆಲ್ಸದಲ್ಲಿದ್ದೆ."

ಅತ್ತಿಗೆ ಕಣ್ಣೊರೆಸಿಕೊಂಡಳು. ತಾನು ಮಾತಾಡಲು ಬಿಡಲಿಲ್ಲ, ಬಿಟ್ಟಿದ್ದರೆ ಬೆರಳು ಉಳಿಯುತ್ತಿತ್ತೇನೋ ಎಂದಳು. ಮುದುಕನಿಗೆ ಮುಜುಗರವಾಯಿತು. "ನೀನು ಮಾತಾಡೋಕೆ ಬಿಟ್ಟಿದ್ರೂ ನನ್ನ ಹೆಂಡ್ತಿ ಬಿಡ್ತಿರ್ಲಿಲ್ಲ ಬಿಡು," ಎಂದ. ಒಳಗಿನಿಂದ ಅವನ ಹೆಂಡತಿ, ಮನೆಯಲ್ಲಿ ಮೂಗನ ಹಾಗೆ ಇರುವವನು ಆಸ್ಪತ್ರೆಯಲ್ಲಿ ಮಾತ್ರ ಏನು ಕಿಸಿದಾನು ಎಂದು ಗೊಣಗಿದಳು. ಮೂವರೂ ನಕ್ಕುಬಿಟ್ಟೆವು.

ಬದಲಾಗುವುದು ಅತ್ತಿಗೆಗೆ ಸುಲಭವಾಗಲಿಲ್ಲ. ರೋಗಿ ಮಾತು ಶುರುವಿಟ್ಟರೆ ಬೀಸಣಿಗೆಯನ್ನು ಬಾಯಿಗೆ ಅಡ್ಡ ಹಿಡಿದು ಕೂರುತ್ತಿದ್ದಳು. ಕೆಲವು ದಿನ ತಡೆಯಲಾರದೆ ಬೈದೇಬಿಡುತ್ತಿದ್ದಳು. ಹೊರಗೆ ರೋಗಿಗಳ ಸಾಲು ಬೆಳೆಯಿತು. ಮೊದಲಾದರೆ ಉಗಿದು ಬೇಗ ಕಳಿಸುತ್ತಿದ್ದಳು, ಈಗ ಹರಟೆಗೆ ಕೂರುತ್ತಾಳೆ ಎಂದು ಕಾದವರು ಮೂದಲಿಸಿದರು. ಆದರೆ ಒಳಗೆ ಹೋದವರು ತಾವೂ ಬೇಗ ಹೊರಬರುತ್ತಿರಲಿಲ್ಲ.

ಮುಂದೆ ಅಪಿಯಾದಲ್ಲಿ ನಡೆದ ನರ್ಸುಗಳ ಸಭೆಯಲ್ಲಿ ಆ ಟೇಪನ್ನು ಹಾಕಬೇಕೆಂದು ಅವಳೇ ಹಟ ಹಿಡಿದಳು. ಯೆರೆಮಿಯಾ ಭಾನುವಾರ ಚರ್ಚಿಗೆ ಉಡುವ ಬಿಳಿ ಬಟ್ಟೆ ತೊಟ್ಟು ಅವಳ ಜೊತೆ ದೋಣಿ ಹತ್ತಿದ. ಸಭೆ ಮೊದಲು ಕಿಸಕ್ಕೆಂದಿತು. ಬರಬರುತ್ತ ಎಲ್ಲರೂ ತಲೆ ತಗ್ಗಿಸಿದರು. ತಮ್ಮ ದನಿಯೂ ಅದರಲ್ಲಿ ಕೇಳಿಸಿರಬೇಕು. ಅತ್ತಿಗೆ ಮಾತ್ರ ತಲೆಯೆತ್ತಿ ಕೂತಿದ್ದಳು.

ಅತ್ತಿಗೆ, ಯೆರೆಮಿಯಾ ಇಬ್ಬರೂ ಈಗಿಲ್ಲ. ಆಸ್ಪತ್ರೆ ಹೊಸದಾಗಿದೆ, ಕಾಯಲು ಕುರ್ಚಿಗಳಿವೆ. ನಾನು ಹಂಬಲಿಸುವುದು ಆ ಮಧ್ಯಾಹ್ನಗಳಿಗಾಗಿ. ಹಳೆ ಆಸ್ಪತ್ರೆಯ ಮುಂದೆ, ಹಲಸಿನ ಜಾತಿಯ ಬ್ರೆಡ್ ಫ್ರೂಟ್ ಮರದ ಕೆಳಗೆ ನಾವೆಲ್ಲ ಕೋಕೋ ಕುಡಿಯುತ್ತಾ, ಇಸ್ಪೀಟು ಆಡುತ್ತಾ, ಅತ್ತಿಗೆಯನ್ನು ಶಪಿಸುತ್ತಾ ಕಾಯುತ್ತಿದ್ದೆವು. ಕಿಟಕಿಯೊಳಗಿಂದ ಯಾರದೋ ಮೆಲುದನಿ, ಆಗಾಗ ಅವಳ ಒಂದು "ಆಮೇಲೆ?" ಕೇಳುತ್ತಿತ್ತು.