ಆಕಳು, ಗ್ರೈಂಡರ್ ಮತ್ತು ಒಂಬತ್ತೂವರೆಯ ಮುಹೂರ್ತ

ಆಕಳು ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಮುಖ ಮನೆಯ ಒಳಗೆ, ಹೊಟ್ಟೆ ಮನೆಯ ಹೊರಗೆ.

ನಗಬೇಡಿ. ನಿಮ್ಮ ಮನೆಯ ಗೃಹಪ್ರವೇಶದಲ್ಲಿ ಹೀಗಾಗಿದ್ದರೆ ನಗು ಎಲ್ಲಿಂದ ಬರುತ್ತಿತ್ತೋ ನೋಡುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷ ಆಗಿದ್ದ ಕಾಲ. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಹೇಗೋ ಒಂದು ಮನೆ ಕಟ್ಟಿಸಿದ್ದೆ. ಕಳ್ಳರ ಹೆದರಿಕೆ ಬೇರೆ. ಅದಕ್ಕೇ ಪಡಸಾಲೆಯ ಮುಂದೆ ಉದ್ದಕ್ಕೂ ಕಬ್ಬಿಣದ ಗ್ರಿಲ್ ಹಾಕಿಸಿ, ಅದರಲ್ಲೊಂದು ಸಣ್ಣ ಬಾಗಿಲು ಇಡಿಸಿದ್ದೆ. 'ಎಷ್ಟ ಸಣ್ಣದು ಇರ್ತೈತೋ ಅಷ್ಟ ಛಲೋ' ಎಂದು ಗ್ರಿಲ್ ಮಾಡಿದ ಶಿವಪ್ಪನಿಗೆ ಹೇಳಿದವನೂ ನಾನೇ. ಕಳ್ಳನ ಅಳತೆ ಲೆಕ್ಕ ಹಾಕಿದ್ದೆ. ಆಕಳ ಅಳತೆ ಹಾಕಿರಲಿಲ್ಲ.

ಅದೂ ಎಂಥ ಆಕಳು? ಬೀದಿಯಲ್ಲಿ ಸಿಗುವ ಬಡಕಲು ಆಕಳು ನಮ್ಮ ಅವ್ವನಿಗೆ ನಡೆಯುವುದಿಲ್ಲ. ತನ್ನ ತವರೂರು ಅಮ್ಮಿನಬಾವಿಯಿಂದಲೇ ಬರಬೇಕು, ಅದೂ ಗಬ್ಬದ ಆಕಳಾಗಿರಬೇಕು ಎಂದು ಹಟ ಹಿಡಿದಿದ್ದಳು. ಬಂತು. ಟೆಂಪೋದಲ್ಲಿ ನಿಂತುಕೊಂಡು, ಮೈತುಂಬ ಅರಿಶಿಣ ಹಚ್ಚಿಕೊಂಡು, ಎಂಟು ತಿಂಗಳ ಹೊಟ್ಟೆ ಹೊತ್ತುಕೊಂಡು ಬಂತು. ನನ್ನ ಬಾಗಿಲಿಗೆ ಎರಡೂ ಕಡೆ ಒಂದೊಂದು ಗೇಣು ಹೊಟ್ಟೆ ಹೆಚ್ಚಾಯಿತು.

ನಾಲ್ಕು ಜನ ಸೇರಿ ಹಿಂದಕ್ಕೆ ಸರಿಸಿದೆವು. ಪೂಜೆಗೆ ಬಂದಿದ್ದ ಅಯ್ಯನವರು ಗಡಿಯಾರ ನೋಡಿದರು.

"ಒಂಬತ್ತೂವರಿ ಒಳಗ ಆಕಳ ಕಾಲು ಪಡಸಾಲ್ಯಾಗ ಬೀಳಬೇಕ್ರಿ."

ಆಗ ಒಂಬತ್ತಕ್ಕೆ ಐದು ನಿಮಿಷ ಇತ್ತು.

(ಹಿತ್ತಲ ಬಾಗಿಲು ಇರಲಿಲ್ಲವೇ ಎನ್ನುತ್ತೀರಿ. ಇತ್ತು. ನಾನೂ ಅದನ್ನೇ ಕೇಳಿದೆ. 'ಲಕ್ಷ್ಮೀನ ಹಿತ್ತಲದಾಗಿಂದ ಕರೀತಿ?' ಎಂದು ಅವ್ವ ನನ್ನನ್ನು ನೋಡಿದ ನೋಟ ನೀವು ನೋಡಿಲ್ಲ.)

ಅದೃಷ್ಟಕ್ಕೆ ಶಿವಪ್ಪ ಅಲ್ಲೇ ಇದ್ದ. ಹೆಬ್ಬಳ್ಳಿಯವನು, ಪಕ್ಕದ ಓಣಿಯಲ್ಲೇ ಅವನ ವೆಲ್ಡಿಂಗ್ ಶಾಪು. ಮನೆ ಕಟ್ಟಿದವರಿಗೆ ಗೃಹಪ್ರವೇಶದ ದಿನ ಆಹೇರಿ ಮಾಡುವುದು, ಅಂದರೆ ಹೊಸ ಬಟ್ಟೆ ಉಡಿಸುವುದು ನಮ್ಮಲ್ಲಿ ಪದ್ಧತಿ. ಅವ್ವ ಅವನಿಗೆ ಬೆಳಿಗ್ಗೆಯೇ ಧೋತರ ಉಡಿಸಿ, ಶಲ್ಯ ಹೊದಿಸಿ ಕೂರಿಸಿದ್ದಳು. ದಿನಾ ಪ್ಯಾಂಟು ಹಾಕುವ ಮನುಷ್ಯ. ತನ್ನ ಮದುವೆಯ ನಂತರ ಧೋತರ ಉಟ್ಟದ್ದು ಅಂದೇ ಇರಬೇಕು. ಎರಡು ಹೆಜ್ಜೆಗೊಮ್ಮೆ ಕೆಳಗೆ ನೋಡಿಕೊಂಡು ನಡೆಯುತ್ತಿದ್ದ.

"ಚಿಂತಿ ಮಾಡಬ್ಯಾಡ್ರಿ ಸರ್ರ. ಬಾಗಲದ ಬಾಜೂಕಿನ ಗ್ರಿಲ್ ನಾಕ ಕಡೆ ವೆಲ್ಡಿಂಗ್ ಐತಿ. ನಾಕೂ ಕೊಯ್ದು ತಗದ್ರ ಆನಿನೂ ಹೊಕ್ಕತೈತಿ."

ಹೋದ, ಐದೇ ನಿಮಿಷದಲ್ಲಿ ಗ್ರೈಂಡರ್ ತಂದ. (ದೋಸೆ ಹಿಟ್ಟಿನದಲ್ಲ. ಕೈಯಲ್ಲಿ ಹಿಡಿದು ಕಬ್ಬಿಣ ಕೊಯ್ಯುವುದು. ತಲೆಗೆ ತಟ್ಟೆಯಂಥ ಚಕ್ರ, ಬಾಲಕ್ಕೆ ಉದ್ದನೆಯ ವೈರು.)

ಇಲ್ಲಿ ನಮ್ಮ ಕಾಕಾ ಎದ್ದು ನಿಂತರು.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ರೇಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವರು. ಮದುವೆ ಮನೆಗೆ ಹೋದರೆ ಮೊದಲು ಗಂಡು-ಹೆಣ್ಣನ್ನು ನೋಡುವುದಿಲ್ಲ, ಅಡುಗೆಯವರ ಸಿಲಿಂಡರ್ ಪೈಪು ನೋಡುತ್ತಾರೆ. ಎಲ್ಲರ ಮನೆಯಲ್ಲೂ ಇಂಥವರೊಬ್ಬರು ಇರುತ್ತಾರಲ್ಲ? ಅವರು ಬಂದರೆ ಉಳಿದವರಿಗೆ ಏನೋ ಕೆಲಸ ನೆನಪಾಗುತ್ತದಲ್ಲ? ಅಂಥವರು.

"ಶಿವಪ್ಪ, ಚಕ್ರದ ಮ್ಯಾಲಿನ ಗಾರ್ಡ್ ಎಲ್ಲೈತೋ?"

"ಶಾಪಿನ್ಯಾಗ ಐತ್ರಿ ಕಾಕಾ."

"ಅಲ್ಲಿ ಏನ್ ಮಾಡಾಕತ್ತೈತಿ?"

"ಅದು ಅಡ್ಡ ಬರ್ತೈತ್ರಿ."

"ಅಡ್ಡ ಬರ್ಲಿ ಅಂತನ ಅದನ್ನ ಮಾಡ್ಯಾರಪಾ. ಚಷ್ಮಾ?"

"ಕಿಡಿ ಬಂದಾಗ ಕಣ್ಣ ಮುಚ್ಚತೇನ್ರಿ. ಹದಿನೈದ ವರ್ಷ ಆತು, ಏನೂ ಆಗಿಲ್ಲ."

"ಕಣ್ಣ ಮುಚ್ಚಿ ಏನ್ ಕೊಯ್ತಿ ಅಂತ ನಿನಗ ಹೆಂಗ ಗೊತ್ತಾಗ್ತೈತಿ?"

ಜನ ನಕ್ಕರು. ಶಿವಪ್ಪನೂ ನಕ್ಕ. ನಗುತ್ತಲೇ ವೈರು ಬಿಚ್ಚಿದ. ಅದರ ತುದಿಗೆ ಪ್ಲಗ್ಗೇ ಇರಲಿಲ್ಲ. ಎರಡು ತಂತಿ ಬರಿಮೈಯಲ್ಲಿ ನಿಂತಿದ್ದವು. ಅಯ್ಯನವರ ಊದಿನಕಡ್ಡಿಯ ಪಕ್ಕದಲ್ಲಿದ್ದ ಕಡ್ಡಿಪೆಟ್ಟಿಗೆಯಿಂದ ಎರಡು ಕಡ್ಡಿ ತೆಗೆದು, ತಂತಿಯನ್ನು ನನ್ನ ಹೊಸ ಸ್ವಿಚ್ ಬೋರ್ಡಿನ ತೂತಿಗೆ ತುರುಕಿ, ಕಡ್ಡಿಯಿಂದ ಬಿಗಿ ಮಾಡಿದ. ಕಾಕಾನ ಮುಖ ಬೂದಿಬಣ್ಣಕ್ಕೆ ತಿರುಗಿತು.

"ಆ ಧೋತ್ರರ ತಗದು ಪ್ಯಾಂಟ್ ಹಾಕ್ಕೊಂಡ ಬಾರೋ. ಶಲ್ಯಾ ಜೋತಾಡಾಕತ್ತೈತಿ, ಚಕ್ರಕ್ಕ ಸಿಕ್ರ ಕೊರಳ ಹಿಡಕೊಂಡ ಎಳೀತೈತಿ."

ಶಲ್ಯವನ್ನು ಶಿವಪ್ಪ ತೆಗೆದ. ಧೋತರಕ್ಕೆ ಅವ್ವ ಅಡ್ಡ ಬಂದಳು.

"ಉಡಿಸಿ ಒಂದ್ ತಾಸ ಆಗಿಲ್ಲ. ಆಹೇರಿ ಅರಿವಿ ಇವತ್ತ ಕಳೀಬಾರದು. ನೀವು ಒಂದಿಷ್ಟ ಸುಮ್ಮನ ಕುಂದರ್ರಿ ಮೈದುನಾರ."

ನಾನೂ ಗಡಿಯಾರ ತೋರಿಸಿದೆ. ಗಾರ್ಡ್ ತರಲು ಹತ್ತು ನಿಮಿಷ, ಪ್ಯಾಂಟಿಗೆ ಹತ್ತು ನಿಮಿಷ, ಪ್ಲಗ್ ಕೂರಿಸಲು ಇನ್ನೊಂದಿಷ್ಟು. ಎಲ್ಲಿದೆ ಟೈಮು? "ಕಾಕಾ, ನಾಕ ವೆಲ್ಡಿಂಗ್ ಕೊಯ್ಯೋದ್ ಅಷ್ಟರಿ" ಎಂದೆ. ಪ್ರಾಮಾಣಿಕವಾಗಿ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಅತಿ ದೊಡ್ಡ ಅಪಾಯವಾಗಿ ಕಂಡದ್ದು ಕಾಕಾನೇ.

ಕಾಕಾ ಸುಮ್ಮನೆ ಕೂರಲಿಲ್ಲ. ಆಕಳಿಗೆ ತಂದಿದ್ದ ಮೇವಿನ ಹೊರೆಯನ್ನು ದೂರ ಒಯ್ದರು. ಒಂದು ಬಕೆಟ್ ನೀರು ತಂದಿಟ್ಟರು. ಉಪ್ಪಿಟ್ಟಿನ ತಟ್ಟೆ ಹಿಡಿದು ನೋಡಲು ನಿಂತಿದ್ದ ಬೀಗರನ್ನೆಲ್ಲ ಗದರಿಸಿ ಹಿಂದೆ ಕಳಿಸಿದರು. ಬೀಗರಿಗೆ ಬೇಜಾರಾಯಿತು.

ಗ್ರೈಂಡರ್ ಕೂಗಿತು. ಕಿಡಿಗಳು ದೀಪಾವಳಿಯ ಹೂಕುಂಡದಂತೆ ಹಾರಿದವು. ಮೊದಲು ಮೇವು ಇದ್ದ ಜಾಗದಲ್ಲೇ ಹೋಗಿ ಬಿದ್ದವು. (ನಾನು ನೋಡಿದೆ. ನೋಡಿ ಮತ್ತೆ ಗಡಿಯಾರದ ಕಡೆ ತಿರುಗಿದೆ.) ಮೊದಲನೇ ವೆಲ್ಡಿಂಗ್ ಕಡಿದು ಬಿತ್ತು. ಎರಡನೆಯದು ಅರ್ಧ ಆಗಿತ್ತು.

ಕರೆಂಟ್ ಹೋಯಿತು.

ಒಂಬತ್ತೂ ಹದಿನೈದು. ಶಿವಪ್ಪ ಮಷಿನ್ನನ್ನು ನೆಲಕ್ಕಿಟ್ಟು ಹೊಸ್ತಿಲ ಮೇಲೆ ಕೂತ. ಈ ಮಷಿನ್ನಿನ ಸ್ವಿಚ್ಚಿಗೆ ಒಂದು ಲಾಕ್ ಇರುತ್ತದೆ. ಒಮ್ಮೆ ತಳ್ಳಿ ಕೂರಿಸಿದರೆ ಬೆರಳು ತೆಗೆದರೂ ಅದು ಆನ್ ಆಗೇ ಇರುತ್ತದೆ. ಕಾಕಾನಿಗೆ ಅದು ಗೊತ್ತಿತ್ತು.

"ಸ್ವಿಚ್ ಬಂದ್ ಮಾಡೋ. ಆ ಕಡ್ಡಿನೂ ಕಿತ್ತ ಒಗಿ."

ಈಗ ನನ್ನ ಮಾತು ಕೇಳಿ. ಇದನ್ನು ಬರೆಯಲು ಇಷ್ಟು ವರ್ಷ ಆದರೂ ನಾಚಿಕೆಯಾಗುತ್ತದೆ.

"ಇರ್ಲಿ ಬಿಡ್ರಿ ಕಾಕಾ. ಬಂದ್ ಮಾಡಿದ್ರ ಕರೆಂಟ್ ಬಂದದ್ದು ಹೆಂಗ ಗೊತ್ತಾಗಬೇಕು?"

ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೇ ಅಲ್ಲವೇ? ಕರೆಂಟ್ ಹೋದರೆ ಯಾರಾದರೂ ಲೈಟಿನ ಸ್ವಿಚ್ ಆರಿಸುತ್ತಾರೆಯೇ? ಫ್ಯಾನು, ಟಿವಿ, ಮಿಕ್ಸರ್ ಎಲ್ಲ ಇದ್ದಂತೆಯೇ ಬಿಟ್ಟು, ಬಂದಾಗ ಎಲ್ಲ ಒಟ್ಟಿಗೆ ಗುರ್ ಎಂದರೆ 'ಬಂತು' ಎಂದು ಖುಷಿಪಡುವ ಜನ ನಾವು. ಅದೇ ಬುದ್ಧಿಯನ್ನು ನಾನು ಕಬ್ಬಿಣ ಕೊಯ್ಯುವ ಚಕ್ರಕ್ಕೂ ಹಚ್ಚಿದೆ.

ಕಾಕಾ ತಾವೇ ಹೋಗಿ ಬಂದ್ ಮಾಡಬೇಕೆಂದು ಎದ್ದರು. ಅಷ್ಟರಲ್ಲಿ ಆಕಳು ಅಂಗಳದ ಮಂಟಪಕ್ಕೆ ಕಟ್ಟಿದ್ದ ಬಾಳೆಕಂಬ ತಿನ್ನಲು ಶುರುಮಾಡಿತು. "ಮೈದುನಾರ, ಹಗ್ಗಾ ಹಿಡೀರಿ" ಎಂದು ಅವ್ವ ಕೂಗಿದಳು. ಕಾಕಾ ಆ ಕಡೆ ಹೋದರು.

ಶಿವಪ್ಪನಿಗೆ ಚಹಾ ಬಂತು. ಅವನು ಕಾಲು ಚಾಚಿ ಕೂತ. ಹೊಸ ಧೋತರದ ಅಂಚು ಮಷಿನ್ನಿನ ಪಕ್ಕದಲ್ಲೇ ಹರಡಿಕೊಂಡಿತ್ತು. ನಾನು ಕೈಯಲ್ಲಿ ತೆಂಗಿನಕಾಯಿ ಹಿಡಿದು ಗಡಿಯಾರ ನೋಡುತ್ತಿದ್ದೆ. ಒಂಬತ್ತೂ ಇಪ್ಪತ್ತೈದು.

ಕರೆಂಟ್ ಬಂತು. ಗೊತ್ತಾಯಿತು.

ನೆಲದ ಮೇಲಿದ್ದ ಮಷಿನ್ ಹೊಡೆತ ತಿಂದ ನಾಯಿಯಂತೆ ಎಗರಿತು. ಟೈಲ್ಸ್ ಮೇಲೆ ಅರ್ಧ ಸುತ್ತು ತಿರುಗಿ ಧೋತರದ ಅಂಚು ಹಿಡಿಯಿತು. ಆಮೇಲೆ ಧೋತರವನ್ನು ಸುತ್ತಿಕೊಳ್ಳುತ್ತ ಶಿವಪ್ಪನ ಮೈಮೇಲೆ ಹತ್ತತೊಡಗಿತು. ಚಹಾದ ಕಪ್ಪು ಒಂದು ಕಡೆ, ಬಸಿ ಒಂದು ಕಡೆ. "ಯವ್ವಾ" ಎಂದು ಅವನು ಕೂಗಿದ ದನಿ ನನಗೆ ಇನ್ನೂ ಕೇಳುತ್ತದೆ.

ನಾನೇನು ಮಾಡಿದೆ? ತೆಂಗಿನಕಾಯಿ ಬೀಳದಂತೆ ಗಟ್ಟಿಯಾಗಿ ಹಿಡಿದುಕೊಂಡೆ. ಅಷ್ಟೇ.

ಅರವತ್ತು ದಾಟಿದ ಕಾಕಾ ಹಗ್ಗ ಬಿಟ್ಟು ಓಡಿಬಂದು ಗೋಡೆಯ ಮೇಲಿನ ಸ್ವಿಚ್ ಆರಿಸಿದರು.

ಸದ್ದು ನಿಂತಿತು. ಶಿವಪ್ಪ ಪಟ್ಟೆಪಟ್ಟೆ ಚಡ್ಡಿಯಲ್ಲಿ ನೆಲದ ಮೇಲೆ ಕೂತಿದ್ದ. ಧೋತರವೆಲ್ಲ ಮಷಿನ್ನಿನ ತಲೆಗೆ ರುಮಾಲಿನಂತೆ ಸುತ್ತಿಕೊಂಡಿತ್ತು. ಹೆಂಗಸರೆಲ್ಲ ಒಟ್ಟಿಗೆ ಗೋಡೆಯ ಕಡೆ ಮುಖ ಮಾಡಿದರು. ಯಾರೋ ಕಿಸಕ್ಕೆಂದರು.

ಆಮೇಲೆ ಅವನ ತೊಡೆ ಕಾಣಿಸಿತು. ಮೊಳಕಾಲಿನ ಮೇಲಿಂದ ಒಂದು ಗೇಣುದ್ದ ಕೆಂಪು ಗೆರೆ. ಆಳ ಇರಲಿಲ್ಲ. ಆದರೆ ಆ ಗೆರೆ ಯಾವ ಕಡೆ ಹೊರಟಿತ್ತು ಎಂದು ಎಲ್ಲರಿಗೂ ಅರ್ಥವಾಯಿತು. ನಗು ನಿಂತಿತು.

ಪಕ್ಕದ ರಸ್ತೆಯ ಡಾಕ್ಟರು ತೊಳೆದು ಪಟ್ಟಿ ಕಟ್ಟಿ ಇಂಜೆಕ್ಷನ್ ಕೊಟ್ಟರು. ನನ್ನ ಪ್ಯಾಂಟೊಂದನ್ನು ಹಾಕಿಸಿ ಶಿವಪ್ಪನನ್ನು ಕರೆತಂದಾಗ ಗಂಟೆ ಹತ್ತು. ಒಂಬತ್ತೂವರೆ ಯಾವಾಗಲೋ ದಾಟಿ ಹೋಗಿತ್ತು. ಅವ್ವ ಮೂಲೆಯಲ್ಲಿ ಸೆರಗು ಬಾಯಿಗೆ ಹಚ್ಚಿ ಕೂತಿದ್ದಳು. ಕಾಕಾ ಅಯ್ಯನವರ ಮುಂದೆ ನಿಂತರು.

"ಅಯ್ಯಾರ, ಇವತ್ತ ಇನ್ನೊಂದ ಮುಹೂರ್ತ ಐತೇನ್ರಿ?"

ಅಯ್ಯನವರು ಶಿವಪ್ಪನ ಕಾಲು ನೋಡಿದರು. ಪಂಚಾಂಗ ತೆರೆಯಲೂ ಇಲ್ಲ.

"ಐತ್ರಿ. ಹನ್ನೊಂದರ ತನಕ ಬೇಕಾದಷ್ಟ ಐತಿ."

ಅವ್ವ ತಲೆ ಎತ್ತಿದಳು. "ಅಯ್ಯ, ಮೊದಲ ಯಾಕ ಹೇಳಲಿಲ್ರಿ?"

"ಮೊದಲ ಯಾರೂ ಕೇಳಲಿಲ್ಲರಿ ಅವ್ವಾರ."

ಆಮೇಲೆ ನಡೆದದ್ದು ಕಾಕಾನ ಕಾರ್ಯಕ್ರಮ. ಶಾಪಿನಿಂದ ಗಾರ್ಡ್ ಬಂತು. ಚಷ್ಮಾ ಬಂತು, ಅಂಗಡಿಯ ಪ್ಲಾಸ್ಟಿಕ್ ಚೀಲದಿಂದ ಅದನ್ನು ಇನ್ನೂ ತೆಗೆದೇ ಇರಲಿಲ್ಲ. ವೈರಿಗೆ ಮೂರು ಪಿನ್ನಿನ ಪ್ಲಗ್ ಕೂಡಿಸಿದರು. ಹಳೆಯ ಚಕ್ರ ಬಿಚ್ಚಿ ಬೆಳಕಿಗೆ ಹಿಡಿದು, ಅಂಚಿನಲ್ಲಿ ಸೀಳು ತೋರಿಸಿ, ಹೊಸದು ಹಾಕಿದರು. ಗ್ರಿಲ್ ಮೈಮೇಲೆ ಬೀಳದಂತೆ, ಚಕ್ರ ನಡುವೆ ಸಿಕ್ಕಿಕೊಳ್ಳದಂತೆ ಇಬ್ಬರನ್ನು ಹಿಡಿಯಲು ನಿಲ್ಲಿಸಿದರು. ಎರಡೂ ಕೈಯಿಂದ ಮಷಿನ್ ಹಿಡಿದು, ಕಿಡಿ ಹಾರುವ ದಿಕ್ಕು ಬಿಟ್ಟು ಪಕ್ಕಕ್ಕೆ ನಿಂತು, ತಾವೇ ಕೊಯ್ದರು. ಶಿವಪ್ಪ ಕುರ್ಚಿಯಲ್ಲಿ ಕೂತು ನೋಡಿದ.

ಎಲ್ಲ ತಯಾರಿಗೆ ಹದಿನೈದು ನಿಮಿಷ, ಕೊಯ್ಯಲು ಆರು. ಹತ್ತೂ ಇಪ್ಪತ್ತೈದಕ್ಕೆ ಅಮ್ಮಿನಬಾವಿಯ ಆಕಳು ಹೊಟ್ಟೆ ಅಲ್ಲಾಡಿಸುತ್ತ ಪಡಸಾಲೆಗೆ ಕಾಲಿಟ್ಟಿತು. ಸಗಣಿಯನ್ನೂ ಹಾಕಿತು. ಅವ್ವನಿಗೆ ಪರಮಾನಂದ.

ಹೊರಡುವಾಗ ಅವ್ವ ಶಿವಪ್ಪನಿಗೆ ಇನ್ನೊಂದು ಧೋತರ ತಂದಳು. ಅವನು ಕೈ ಮುಗಿದ. "ಅವ್ವಾರ, ಪ್ಯಾಂಟಿನ ಅರಿವಿ ಇದ್ರ ಕೊಡ್ರಿ."

ತಿಂಗಳು ಬಿಟ್ಟು ಅವನ ಶಾಪಿನ ಮುಂದೆ ಹೋದೆ. ಬಾಗಿಲ ಮೇಲೆ ಒಂದು ಸಣ್ಣ ಬಲ್ಬು ತೂಗುಹಾಕಿದ್ದ. "ಕರೆಂಟ್ ಬಂದದ್ದು ಅದು ಹೇಳ್ತೈತ್ರಿ ಸರ್ರ. ಹೋದಕೂಡ್ಲೆ ಗ್ರೈಂಡರಿನ ಪ್ಲಗ್ ಕಿತ್ತ ಬಿಡ್ತೇನಿ." ಗಾರ್ಡ್? ಇತ್ತು. ಚಷ್ಮಾ? ಹಣೆಯ ಮೇಲಿತ್ತು. ನನ್ನನ್ನು ನೋಡಿ ಕಣ್ಣಿಗೆ ಇಳಿಸಿಕೊಂಡ. ನಾನು ಬೈಯಲು ಹೋಗಲಿಲ್ಲ. ಬೈಕಿನ ಹ್ಯಾಂಡಲ್ಲಿಗೆ ಹೆಲ್ಮೆಟ್ ತೂಗುಹಾಕಿಕೊಂಡು ಬಂದವನು ಯಾವ ಬಾಯಿಂದ ಬೈಯಬೇಕು?

"ನೋವು ಕಡಿಮಿ ಆತೇನ್ ಶಿವಪ್ಪ?" ಎಂದೆ.

"ಕಡಿಮಿ ಆಗೇತ್ರಿ. ಆದ್ರ ನಮ್ಮ ಮನ್ಯಾಕಿ ಇನ್ನೂ ಕೇಳಾಕತ್ತಾಳ, ಅಷ್ಟ ಅರ್ಜೆಂಟ್ ಯಾರದು ಇತ್ತು ಅಂತ."

ನಾನು ಬೈಕ್ ಸ್ಟಾರ್ಟ್ ಮಾಡಿದೆ. ಅವಸರ ನಮ್ಮದಾಗಿತ್ತು, ತೊಡೆ ಮಾತ್ರ ಅವನದು.