ಬಿಸಿಗೆ ಗಟ್ಟಿಯಾಗುವ ಮದ್ದು

ಬದನಗುಪ್ಪೆಯ ಔಷಧಿ ಕಾರ್ಖಾನೆಯಲ್ಲಿ ಸುಂದ್ರಮ್ಮ ಒಂಬತ್ತು ವರ್ಷ ಯಂತ್ರದ ನಳಿಗೆಗಳನ್ನು ತೊಳೆದಳು. ಅಲ್ಲೇ ಪ್ಯಾಕಿಂಗಿನಲ್ಲಿರುವ ನಾನು ನಡೆದದ್ದನ್ನು ಹೇಳುತ್ತೇನೆ. ಕೇಳಿ ಯಾರಿಗೆ ಉರಿದರೂ ಉರಿಯಲಿ.

ನಾವು ತಯಾರಿಸುವುದು ಆಪರೇಷನ್ ಗಾಯದೊಳಗೆ ಬಿಡುವ ಮದ್ದು. ಅದರಲ್ಲೊಂದು ಪಾಲಿಮರ್ ಇದೆ. ತಣ್ಣಗಿದ್ದರೆ ನೀರಿನಂತೆ ಹರಿಯುತ್ತದೆ, ಮೈಬಿಸಿ ತಾಗಿದರೆ ಗಟ್ಟಿಯಾಗಿ, ನೋವಿನ ಔಷಧಿಯನ್ನು ಮೂರು ದಿನ ಚೂರುಚೂರೇ ಬಿಡುತ್ತದೆ. "ಗಿಣ್ಣಾಲು ಇದ್ದಂಗೆ ಕಣಕ್ಕ, ಬಿಸಿ ಆದ್ರೆ ಗಟ್ಟಿ" ಎಂದು ಸುಂದ್ರಮ್ಮ ಮೊದಲ ವಾರವೇ ನಕ್ಕಿದ್ದಳು. ನಳಿಗೆಗೆ ಐಸ್ ನೀರನ್ನೇ ಹಾಕುತ್ತಿದ್ದಳು. ಬೆರಳು ಮರಗಟ್ಟುತ್ತಿದ್ದವು.

ಗುಂಡ್ಲುಪೇಟೆಯಲ್ಲಿದ್ದ ಅವಳಕ್ಕ ತೀರಿಕೊಂಡಾಗ ಅಕ್ಕನ ಮಗಳು ರೂಪಶ್ರೀಗೆ ಹನ್ನೊಂದು ವರ್ಷ. ಸುಂದ್ರಮ್ಮ ಅವಳನ್ನು ಚಾಮರಾಜನಗರಕ್ಕೆ ಕರೆತಂದು ಸಾಕಿದಳು, ಬಿಎಸ್ಸಿ ಓದಿಸಿದಳು, ಹಳೇ ಮ್ಯಾನೇಜರಿಗೆ ಕೈಮುಗಿದು ಇಲ್ಲೇ ಲ್ಯಾಬಿನಲ್ಲಿ ಕೆಲಸ ಕೊಡಿಸಿದಳು.

ಒಂದು ಶನಿವಾರ ಸುಂದ್ರಮ್ಮ ಐಸ್ ತರಲು ಹೋಗಿದ್ದಾಗ, ಇಬ್ಬರೂ ಮನೆಗೆ ಹೋಗುವ ಬಸ್ಸು ತಪ್ಪೀತೆಂದು ರೂಪಶ್ರೀಯೇ ನಳಿಗೆಗೆ ಕುದಿನೀರು ಸುರಿದುಬಿಟ್ಟಳು. ಓದಿದ್ದು ತಲೆಯಲ್ಲಿತ್ತು, ಕೈಗೆ ಬಂದದ್ದು ತುಪ್ಪದ ಪಾತ್ರೆ ತೊಳೆಯುವ ಅಭ್ಯಾಸ. ಸೋಮವಾರ ನೋಡಿದರೆ ನಳಿಗೆಗಳೆಲ್ಲ ಕಟ್ಟಿಕೊಂಡಿದ್ದವು, ಮಾಲು ಹಾಳಾಗಿತ್ತು. ನನ್ನೆದುರೇ ಹುಡುಗಿ ಅತ್ತು ಒಪ್ಪಿಕೊಂಡಳು.

"ಎದ್ರಬ್ಯಾಡ ಕಣಮ್ಮಿ, ನಿಜ ಯೇಳ್ಬುಡು. ಓದಿರೋಳು, ಒಂದ್ಸಲ ಬೈದು ಬುಡ್ತಾರೆ. ನಾನ್ ಮಾಡ್ದೆ ಅಂದ್ರೆ ಕೆಲ್ಸಾನೇ ಓಯ್ತದೆ" ಎಂದಳು ಸುಂದ್ರಮ್ಮ. ರೂಪಶ್ರೀ ಹೂಂ ಎಂದು ತಲೆಯಾಡಿಸಿದಳು.

ಹೊಸ ಮ್ಯಾನೇಜರ್ ವೃಷಭೇಂದ್ರಪ್ಪ ನಮ್ಮನ್ನೆಲ್ಲ ಕರೆಸಿ, ಬಿಸಿನೀರು ಹಾಕಿದ್ದು ಯಾರೆಂದು ಕೇಳಿದರು.

"ತೊಳೆಯೋದು ಇವರೇ ಸಾರ್" ಎಂದಳು ರೂಪಶ್ರೀ, ನೆಲ ನೋಡುತ್ತ.

ಉಂಡ ಮನೆಯ ಜಂತೆ ಎಣಿಸುವುದೆಂದರೆ ಇದೇ. ನನ್ನ ಮೈ ಉರಿದುಹೋಯಿತು. "ಸುಳ್ಳು ಸಾರ್! ಸಾಕಿದ ಚಿಕ್ಕವ್ವನ ಮ್ಯಾಲೇ ಆಕ್ತಾವ್ಳೆ" ಎಂದು ಕೂಗಿಬಿಟ್ಟೆ.

ಮ್ಯಾನೇಜರ್ ರೂಪಶ್ರೀ ಕಡೆ ತಿರುಗಿದರು. "ಇವರು ನಿಮ್ಮ ಚಿಕ್ಕಮ್ಮನಾ?"

"ಅಲ್ಲ ಸಾರ್. ಓದುವಾಗ ಇವರ ಮನೇಲಿ ಬಾಡಿಗೆಗಿದ್ದೆ, ಅಷ್ಟೆ."

ಅಲ್ಲಿಯವರೆಗೆ ಉತ್ತರ ಕೊಡಲು ಸಿದ್ಧಳಾಗಿದ್ದ ಸುಂದ್ರಮ್ಮ ಕೈಗವಸು ಕಳಚಿ ಮೇಜಿನ ಮೇಲಿಟ್ಟಳು. "ನಾನೇ ಉಯ್ದೆ ಸಾರ್" ಎಂದು ಹೊರಟೇಬಿಟ್ಟಳು.

ನಾನು ಗೇಟಿನವರೆಗೆ ಓಡಿದೆ. ಯಾಕೆ ಒಪ್ಪಿಕೊಂಡೆ ಎಂದು ಬೈದೆ. ಅವಳು ನನ್ನ ತೋಳು ಹಿಡಿದುಕೊಂಡಳು.

"ಬಾಡ್ಗೆಗಿದ್ಲಂತೆ ಕಣಕ್ಕ. ಅವ್ವ ಬೇಕು ಅಂತ ರಾತ್ರಿಯೆಲ್ಲ ನನ್ ಸೆರಗಿಡ್ಕಂಡು ಮಲಗ್ತಿದ್ಲು."